ಸ್ತುತಿಗೆ ಸಲ್ಲುವ ಸ್ತುತಿ

ಹಣ ಪಡೆದು ಪರರ ವಸ್ತುವನ್ನು ಹೊಗಳುವ ಮಾತಿಗೂ ಸತ್ಯಕ್ಕೂ ಇರುವ ಸಂಬಂಧವೇನೆಂಬ ಪ್ರಶ್ನೆ ಹಿಂದೆ ಆಸ್ಥಾನಕವಿಗಳಿಗೂ ವಂದಿಮಾಗಧರಿಗೂ ಮಾತ್ರ ಸಂಬಂಧಿಸಿದ್ದು. ಇಂದು ಅದು ಸಹಸ್ರಾರು ಸುಶಿಕ್ಷಿತ ತರುಣರ ದಿನನಿತ್ಯದ ಪ್ರಶ್ನೆಯಾಗಿದೆ. ಒಂದು ತಲೆಮಾರಿನ ಹಿಂದೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಯ ಹುಡುಗರು ಹೋಟೆಲಿನ ಕೆಲಸಕ್ಕೆಂದೋ ಬ್ಯಾಂಕಿನ ಗುಮಾಸ್ತಿಕೆಗೆಂದೋ ರಾತ್ರಿಯ ಬಸ್ಸು ಹತ್ತುತ್ತಿದ್ದರು. ಅವರ ಮಕ್ಕಳಲ್ಲಿ ಕೆಲವರು ಈಗ ಬೆಂಗಳೂರು ಮುಂಬಯಿಗಳ ಜಾಹೀರಾತು ಸಂಸ್ಥೆಗಳಲ್ಲಿ ಕುಳಿತು, ತಾವು ಎಂದೂ ಕಾಣದ ಕಾರ್ಖಾನೆಯಲ್ಲಿ ಸಿದ್ಧವಾದ ಸಾಬೂನಿಗೂ ಎಣ್ಣೆಗೂ ವಿಮೆಗೂ ಮಾತು ಹೊಸೆಯುತ್ತಾರೆ. ಆ ಮಾತು ಚಮತ್ಕಾರವುಳ್ಳದ್ದಾದರೆ ವರ್ಷಕ್ಕೊಮ್ಮೆ ಆ ಉದ್ಯಮದವರೇ ಒಂದೆಡೆ ಕೂಡಿ ಅವರಿಗೆ ಪದಕವನ್ನೋ ಫಲಕವನ್ನೋ ಕೊಡುತ್ತಾರೆ. ವಸ್ತುವಿಗೆ ಒಂದು ಸ್ತುತಿ, ಆ ಸ್ತುತಿಗೆ ಇನ್ನೊಂದು ಸ್ತುತಿ. ಈ ಎರಡನೆಯದನ್ನು ಕೈಯಲ್ಲಿ ಹಿಡಿದು ವೇದಿಕೆಯಿಂದಿಳಿದ ತರುಣನಿಗೆ ನಿಜವಾಗಿ ದೊರೆತದ್ದೇನು, ಅದರೊಡನೆ ಅವನ ಮೇಲೆ ಬಂದ ಋಣವೇನು ಎಂಬುದನ್ನು ನಿಧಾನವಾಗಿ ವಿಚಾರಿಸತಕ್ಕದ್ದೆಂದು ನನಗೆ ತೋರಿದೆ.

ಈ ವಿಚಾರ ನಮ್ಮ ಸೀಮೆಗೆ ಪರಕೀಯವಾದುದಲ್ಲ. ಮರವಂತೆಯ ಬಳಿ ಸೌಪರ್ಣಿಕೆ ಸಮುದ್ರವನ್ನು ಇನ್ನೇನು ಸೇರಿತೆಂಬಷ್ಟು ಸಮೀಪಕ್ಕೆ ಬಂದು ಮತ್ತೆ ತಿರುಗಿಕೊಳ್ಳುವ ಎಡೆಯಲ್ಲಿ, ನದಿಯ ಆಚೆಯ ದಡಕ್ಕೆ ಪಡುಕೋಣೆ ಎಂಬ ಊರುಂಟು. ಆ ಊರಿನ ಹೆಸರನ್ನು ಕುಲನಾಮವಾಗಿ ಧರಿಸಿದ ಸಾರಸ್ವತ ಮನೆತನವೊಂದರಲ್ಲಿ, 1925ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ವಸಂತಕುಮಾರ ಶಿವಶಂಕರ ಪಡುಕೋಣೆಯವರನ್ನು ಲೋಕವು ಗುರುದತ್ ಎಂದು ಬಲ್ಲದು. ಅವರ ತಾಯಿಯ ಕಡೆಯ ಬಂಧುವಾದ ಬಿ. ಬಿ. ಬೆನಗಲ್ ಎಂಬವರು ಕಲ್ಕತ್ತೆಯಲ್ಲಿ ಸಿನಿಮಾ ಪೋಸ್ಟರುಗಳನ್ನು ಬರೆಯುತ್ತಿದ್ದ ಚಿತ್ರಕಾರರು. ಹುಡುಗನ ಮನಸ್ಸಿಗೆ ಕಲೆಯ ಬಾಗಿಲನ್ನು ಮೊದಲು ತೆರೆದದ್ದು ಈ ಸೋದರಬಂಧುವಿನ ಕುಂಚವೆಂದರೆ ತಪ್ಪಾಗದು. ಅದೇ ಗುರುದತ್ತರು ತಾರುಣ್ಯದಲ್ಲಿ ಕೆಲಕಾಲ ಕಲ್ಕತ್ತೆಯ ಲಿವರ್ ಬ್ರದರ್ಸ್ ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಅವರ ಇನ್ನೊಬ್ಬ ಬಂಧು, 1934ರಲ್ಲಿ ಹೈದರಾಬಾದಿನ ತಿರುಮಲಗಿರಿಯಲ್ಲಿ ಹುಟ್ಟಿದ ಶ್ಯಾಮ್ ಬೆನಗಲ್, 1959ರಲ್ಲಿ ಮುಂಬಯಿಯ ಲಿಂಟಾಸ್ ಸಂಸ್ಥೆಗೆ ಕಾಪಿರೈಟರ್ ಆಗಿ, ಎಂದರೆ ಜಾಹೀರಾತಿನ ಮಾತು ಬರೆಯುವವರಾಗಿ ಸೇರಿದರು. ಲಿಂಟಾಸ್ ಎಂಬುದಾದರೋ ಆ ಲಿವರ್ ಕಂಪನಿಯ ಸರಕನ್ನು ಪ್ರಚುರಪಡಿಸುವುದಕ್ಕೆಂದೇ ಮೊದಲು ಹುಟ್ಟಿದ ಸಂಸ್ಥೆ. ಅದೇ 1959ರಲ್ಲಿ ಗುರುದತ್ತರ ‘ಕಾಗಜ್ ಕೆ ಫೂಲ್’ ಬಿಡುಗಡೆಯಾಗಿ ಸೋತಿತು. ಒಬ್ಬ ಬಂಧುವಿನ ಅತ್ಯಂತ ಆತ್ಮೀಯವಾದ ಕೃತಿಯನ್ನು ಜನ ತಿರಸ್ಕರಿಸಿದ ವರ್ಷವೇ ಇನ್ನೊಬ್ಬ ಬಂಧು ಪರರ ಸರಕಿಗೆ ಜನರ ಮನವೊಲಿಸುವ ವಿದ್ಯೆಯನ್ನು ಕಲಿಯತೊಡಗಿದರು.

ಆ ವಿದ್ಯೆಯನ್ನು ಹೀನವೆಂದು ತಳ್ಳಿಹಾಕುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಾನು ಆ ಪಂಗಡದವನಲ್ಲ. ಸ್ತುತಿವಾಕ್ಯದ ವಿಷಯದಲ್ಲಿ ನಮ್ಮ ಮೀಮಾಂಸಕರು ನಡೆಸಿದ ಚರ್ಚೆಯಷ್ಟು ಸೂಕ್ಷ್ಮವಾದ, ನ್ಯಾಯಬದ್ಧವಾದ ಚರ್ಚೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ; ಜಾಹೀರಾತಿನವನು ತನ್ನ ವೃತ್ತಿಯ ಧರ್ಮವನ್ನು ತಿಳಿಯಬೇಕೆಂದಿದ್ದರೆ ಜೈಮಿನಿಯ ಮೀಮಾಂಸಾಸೂತ್ರಗಳ ಮೊದಲ ಅಧ್ಯಾಯದ ಎರಡನೆಯ ಪಾದವನ್ನು ಓದತಕ್ಕದ್ದು. ಅಲ್ಲಿ ಎತ್ತಿರುವ ಆಕ್ಷೇಪ ಹೀಗೆ: ವೇದವಿರುವುದು ಕ್ರಿಯೆಯನ್ನು ವಿಧಿಸುವುದಕ್ಕೆ, ಹಾಗಿದ್ದ ಮೇಲೆ ಏನನ್ನೂ ವಿಧಿಸದೆ ಬರಿದೆ ಹೊಗಳುವ ವಾಕ್ಯಗಳಿಗೆ ಪ್ರಯೋಜನವೇನು? ಐಶ್ವರ್ಯವನ್ನು ಬಯಸುವವನು ವಾಯುವಿಗೆ ಯಾಗ ಮಾಡಬೇಕೆಂದು ವಿಧಿಸಿದ ಬಳಿಕ, ವಾಯು ದೇವತೆಗಳಲ್ಲೆಲ್ಲ ಶೀಘ್ರಗಾಮಿಯೆಂದು ಹೊಗಳುವ ಮಾತು ಏಕೆ ಬೇಕು? ಸಿದ್ಧಾಂತಿಯ ಉತ್ತರ ಇಷ್ಟೆ: ಆ ಹೊಗಳಿಕೆ ತನ್ನಷ್ಟಕ್ಕೆ ತಾನು ಪ್ರಮಾಣವಲ್ಲ, ವಿಧಿಯೊಡನೆ ಸೇರಿ ಒಂದೇ ವಾಕ್ಯವಾಗಿ, ವಿಧಿಸಿದ ಕರ್ಮದಲ್ಲಿ ಮನುಷ್ಯನಿಗೆ ರುಚಿ ಹುಟ್ಟಿಸುವುದೇ ಅದರ ಕಾರ್ಯ. ಇಂಥ ವಾಕ್ಯಕ್ಕೆ ಅರ್ಥವಾದವೆಂದು ಹೆಸರು. ನಿಂದೆಯದೂ ಹೀಗೆಯೇ, ರುದ್ರನ ಕಣ್ಣೀರಿನಿಂದ ಬೆಳ್ಳಿ ಹುಟ್ಟಿತೆಂಬ ಕಥೆ ಬೆಳ್ಳಿಯ ಉತ್ಪತ್ತಿಯನ್ನು ತಿಳಿಸುವುದಕ್ಕೆ ಬಂದದ್ದಲ್ಲ, ಯಾಗದ ದರ್ಭೆಯ ಮೇಲೆ ಬೆಳ್ಳಿಯನ್ನು ದಾನ ಕೊಡಬಾರದೆಂಬ ನಿಷೇಧಕ್ಕೆ ಬಲ ಕೊಡುವುದಕ್ಕೆ ಬಂದದ್ದು. ಸ್ತುತಿಯ ಪ್ರಾಮಾಣ್ಯವೆಲ್ಲ ಅದು ಯಾವ ವಿಧಿಗೆ ಅಂಗವಾಗಿದೆಯೋ ಆ ವಿಧಿಯಿಂದ ಬಂದುದು. ಈ ಒಂದು ನಿರ್ಣಯವನ್ನು ಒಪ್ಪಿಕೊಂಡರೆ, ಜಾಹೀರಾತು ಸುಳ್ಳೋ ನಿಜವೋ ಎಂದು ಮಾತ್ರ ಕೇಳುವುದು ಅಪೂರ್ಣವೆಂದೂ, ಅದು ನಮ್ಮನ್ನು ಏನು ಮಾಡೆಂದು ಪ್ರೇರಿಸುತ್ತದೆ, ಆ ಪ್ರೇರಣೆ ಧರ್ಮವೇ ಎಂದು ಕೇಳುವುದೇ ಮುಖ್ಯವೆಂದೂ ಗೊತ್ತಾಗುತ್ತದೆ.

ಮುಂದಿನವರು ಅರ್ಥವಾದವನ್ನು ಮೂರಾಗಿ ವಿಂಗಡಿಸಿದರು. ಪ್ರತ್ಯಕ್ಷಕ್ಕೆ ವಿರುದ್ಧವಾಗಿ ಕಾಣುವುದು ಗುಣವಾದ. ಯೂಪಸ್ತಂಭವು ಆದಿತ್ಯನೆಂದರೆ, ಕಂಬ ಕಂಬವೇ ಎಂದು ಎಲ್ಲರಿಗೂ ಕಾಣುವುದರಿಂದ, ಅದರ ಹೊಳಪನ್ನು ಹೊಗಳಿದರೆಂದಷ್ಟೇ ತಿಳಿಯುತ್ತೇವೆ. ಬೇರೆ ಪ್ರಮಾಣದಿಂದ ಮೊದಲೇ ತಿಳಿದುದನ್ನು ಮತ್ತೆ ಹೇಳುವುದು ಅನುವಾದ. ಚಳಿಗೆ ಬೆಂಕಿ ಮದ್ದೆಂಬ ಮಾತು ಅಂಥದು. ಬೇರೆ ಯಾವ ಪ್ರಮಾಣದಿಂದಲೂ ತಿಳಿಯಲೂ ಬಾರದ, ಅಲ್ಲಗಳೆಯಲೂ ಬಾರದ ಮಾತು ಭೂತಾರ್ಥವಾದ. ಜಾಹೀರಾತಿನ ಅತಿಶಯೋಕ್ತಿಯನ್ನು ಕಂಡು ಕೋಪಿಸುವವರು ಈ ವಿಭಾಗವನ್ನು ಲಕ್ಷಿಸಬೇಕು. ಹಲ್ಲುಪುಡಿಯ ನಗೆಯಿಂದ ಕತ್ತಲೆಯ ಕೋಣೆ ಬೆಳಗಿತೆಂದು ಪರದೆಯ ಮೇಲೆ ತೋರಿಸಿದರೆ ಯಾವ ಕೂಸೂ ಮೋಸಹೋಗದು. ಅದು ಗುಣವಾದ, ನಿರ್ದೋಷವಾದ ವಿನೋದ. ಅಪಾಯವಿರುವುದು ಸದ್ದಿಲ್ಲದ ಮಾತಿನಲ್ಲಿ. ಈ ಪುಡಿಯನ್ನು ಹಾಲಿಗೆ ಬೆರೆಸಿ ಕುಡಿಸಿದರೆ ಮಗು ಎತ್ತರವಾಗುವುದೆಂದೂ, ಈ ಎಣ್ಣೆ ಹೃದಯಕ್ಕೆ ಹಿತವೆಂದೂ ಮೃದುವಾಗಿ, ಗಂಭೀರವಾಗಿ, ಬಿಳಿಯ ಅಂಗಿ ತೊಟ್ಟವರಿಂದ ಹೇಳಿಸಿದಾಗ, ಕೇಳುವ ತಾಯಿಗೆ ಅದನ್ನು ಪರೀಕ್ಷಿಸುವ ಬೇರೆ ಸಾಧನವಿಲ್ಲ. ಅವಳು ಶ್ರುತಿಯನ್ನು ನಂಬಿದಂತೆ ನಂಬುತ್ತಾಳೆ. ವೇದದ ವಿಷಯದಲ್ಲಿ ಆ ನಂಬಿಕೆಗೆ ಮೀಮಾಂಸಕರು ಕೊಟ್ಟ ಆಧಾರವೆಂದರೆ ಅದಕ್ಕೆ ಕರ್ತೃವಿಲ್ಲ, ಕರ್ತೃವಿಲ್ಲದಲ್ಲಿ ವಂಚನೆಯ ಉದ್ದೇಶಕ್ಕೆ ಎಡೆಯಿಲ್ಲ ಎಂಬುದು. ಜಾಹೀರಾತಿಗಾದರೋ ಕರ್ತೃವುಂಟು, ಉದ್ದೇಶವೂ ಉಂಟು. ಹೆಸರು ಮಾತ್ರ ಕಾಣದು. ಅಪೌರುಷೇಯದ ಗಾಂಭೀರ್ಯವನ್ನು ಪೌರುಷೇಯವಾದ ಮಾತು ಕಡ ತಂದುಕೊಂಡಿದೆಯೆಂಬುದೇ ಈ ವೃತ್ತಿಯ ಮೇಲೆ ನಾನು ಹೇಳಬಹುದಾದ ಅತ್ಯಂತ ಕಠಿಣವಾದ ಮಾತು.

ನಮ್ಮ ಕರಾವಳಿಯ ಹಳೆಯ ಪ್ರಚಾರವಿಧಾನ ಬೇರೆಯಾಗಿತ್ತು. ಮಂದಾರ್ತಿಯ ಮೇಳದ್ದೋ ಮಾರಣಕಟ್ಟೆಯ ಮೇಳದ್ದೋ ಹರಕೆಯ ಯಕ್ಷಗಾನದ ಆಟ ಗೊತ್ತಾದ ಮನೆಯ ಬಯಲಿನಲ್ಲಿ, ಕೊಯಿಲು ಮುಗಿದ ಗದ್ದೆಯ ನಡುವೆ ರಂಗಸ್ಥಳ ಸಿದ್ಧವಾಗಿ, ಚೌಕಿಯಲ್ಲಿ ವೇಷಧಾರಿಗಳು ಬಣ್ಣಕ್ಕೆ ಕುಳಿತುಕೊಳ್ಳುವ ಹೊತ್ತಿಗೆ, ಹಿಮ್ಮೇಳದವರು ಚೆಂಡೆ ಮದ್ದಳೆಗಳನ್ನು ಹೆಗಲಿಗೇರಿಸಿ ಹೊರಗೆ ಬಂದು ಕೇಳಿ ಬಡಿಯುತ್ತಾರೆ. ಮುಸ್ಸಂಜೆಯ ಗಾಳಿಯಲ್ಲಿ ಆ ಧ್ವನಿ ಗದ್ದೆಯನ್ನೂ ಹೊಳೆಯನ್ನೂ ದಾಟಿ ನೆರೆಯ ಊರಿಗೆ ತಲುಪುತ್ತದೆ. ಅಡಿಗೆಮನೆಯಲ್ಲಿದ್ದವರು ಕೈಕೆಲಸವನ್ನು ಬೇಗ ಮುಗಿಸುತ್ತಾರೆ, ಮಕ್ಕಳು ಚಾಪೆಯನ್ನು ಸುತ್ತಿಕೊಳ್ಳುತ್ತಾರೆ. ಆ ಬಡಿತದಲ್ಲಿ ಹೊಗಳಿಕೆಯ ಅಕ್ಷರವಿಲ್ಲ. ಇಂದು ಇಲ್ಲಿ ಆಟವುಂಟು, ಬನ್ನಿ ಎಂಬುದಷ್ಟೇ ಅದರ ಅರ್ಥ. ಬಡಿದವರೇ ರಾತ್ರಿಯಿಡೀ ರಂಗದ ಮೇಲೆ ಕುಳಿತು, ಬೆಳಗಿನ ಮಂಗಳದವರೆಗೆ ಆ ಕರೆಗೆ ತಕ್ಕ ಆಟವನ್ನು ನಡೆಸಿಕೊಡಬೇಕು. ಆಟ ಕೆಟ್ಟರೆ ಬೆಳಗ್ಗೆ ಬಯಲಿನಿಂದೇಳುವ ಜನರ ಮುಖವನ್ನು ಅವರೇ ನೋಡಬೇಕು. ಕರೆದವನೂ ಉತ್ತರಕೊಡಬೇಕಾದವನೂ ಒಬ್ಬನೇ ಆಗಿರುವುದು ಆ ಪದ್ಧತಿಯ ಹಿರಿಮೆ. ಬಸರೂರು ಬಾರಕೂರುಗಳ ಹಳೆಯ ವರ್ತಕರಲ್ಲಿಯೂ ಇಂಥದೇ ಒಂದು ಕಟ್ಟು ಇದ್ದಿರಬೇಕೆಂದು ನಾನು ಊಹಿಸುತ್ತೇನೆ. ಅಲ್ಲಿಯ ಶಾಸನಗಳಲ್ಲಿ ನಖರ ಹಂಜಮಾನಗಳೆಂಬ ವರ್ತಕಸಂಘಗಳ ಹೆಸರು ಬರುತ್ತದೆ. ಕನ್ನಡನಾಡಿನಾದ್ಯಂತ ವ್ಯಾಪಿಸಿದ್ದ ಅಯ್ಯಾವೊಳೆಯ ಐನೂರ್ವರ ಶಾಸನಗಳಾದರೋ ದೀರ್ಘವಾದ ಆತ್ಮಪ್ರಶಸ್ತಿಯಿಂದ ಆರಂಭವಾಗುತ್ತವೆ. ಆದರೆ ಆ ಪ್ರಶಸ್ತಿ ಮುಗಿಯುವುದು ದಾನದಲ್ಲಿ. ತಮ್ಮನ್ನು ಇಷ್ಟು ಹೊಗಳಿಕೊಂಡವರು ಹೇರಿಗಿಷ್ಟು, ಸರಕಿಗಿಷ್ಟು ಎಂದು ದೇವಾಲಯಕ್ಕೋ ಕೆರೆಗೋ ಬಿಟ್ಟುಕೊಟ್ಟು, ತಪ್ಪಿದವನಿಗೆ ಶಾಪವನ್ನೂ ಕಲ್ಲಿನ ಮೇಲೆ ಕೊರೆಯಿಸಿದರು. ಅದು ವಿಧಿಯೊಡನೆ ಒಂದಾದ ಸ್ತುತಿ.

ಇನ್ನು ಫಲದ ಮಾತು. ಯಾಗದಲ್ಲಿ ಋತ್ವಿಜರು ಕರ್ಮವನ್ನು ಮಾಡುತ್ತಾರೆ, ಆದರೆ ಸ್ವರ್ಗಾದಿ ಫಲ ಯಜಮಾನನಿಗೆ, ಋತ್ವಿಜರಿಗೆ ದಕ್ಷಿಣೆ. ದಕ್ಷಿಣೆ ಪಡೆದ ಮಾತ್ರಕ್ಕೆ ಅವರ ಮಂತ್ರ ಅಪವಿತ್ರವಾಗುವುದಿಲ್ಲ. ಜಾಹೀರಾತಿನ ಬರೆಹಗಾರನ ಸ್ಥಾನ ಋತ್ವಿಜನದು: ಮಾರಾಟದ ಫಲ ಕಂಪನಿಗೆ, ಸಂಬಳ ಅವನಿಗೆ, ಇದರಲ್ಲಿ ಅಗೌರವವೇನೂ ಇಲ್ಲ. ತೊಡಕಿರುವುದು ಪುರಸ್ಕಾರದಲ್ಲಿ. ಅದು ಫಲವೂ ಅಲ್ಲ, ದಕ್ಷಿಣೆಯೂ ಅಲ್ಲ. ಆಟ ನೋಡಿದವರು ಕೊಟ್ಟದ್ದಲ್ಲ, ಸರಕು ಕೊಂಡವರು ಕೊಟ್ಟದ್ದಲ್ಲ. ಋತ್ವಿಜರೆಲ್ಲ ಬೇರೊಂದು ಮಂಟಪದಲ್ಲಿ ಸೇರಿ, ಯಾವ ಯಾಗ, ಯಾರ ಯಾಗ ಎಂಬುದನ್ನು ಮರೆತು, ಯಾರ ಸ್ವರ ಇಂಪಾಗಿತ್ತೆಂದು ತೀರ್ಪು ಕೊಟ್ಟುಕೊಂಡಂತೆ ಅದು. 1954ರಲ್ಲಿ ವೆನಿಸ್ ನಗರದಲ್ಲಿ, ಅಲ್ಲಿಯ ಸಂತ ಮಾರ್ಕನ ಚೌಕದ ಸಿಂಹವನ್ನು ಲಾಂಛನವಾಗಿ ಮಾಡಿಕೊಂಡು ಜಾಹೀರಾತು ಚಿತ್ರಗಳ ಉತ್ಸವ ಆರಂಭವಾಯಿತು. ಅದು ಮುಂದೆ ಕಾನ್ ಪಟ್ಟಣದಲ್ಲಿ ನೆಲೆಗೊಂಡು ಇಂದು ಲೋಕದ ಜಾಹೀರಾತುಗಾರರೆಲ್ಲ ಬಯಸುವ ಸಿಂಹಪದಕವಾಗಿದೆ. ಕುಶಲತೆಯನ್ನು ಕುಶಲರೇ ಬಲ್ಲರೆಂಬುದು ನಿಜವಾದುದರಿಂದ, ಅಂಥ ತೀರ್ಪಿಗೆ ತನ್ನದೇ ಆದ ಬೆಲೆಯುಂಟು. ಆದರೆ ಅದು ಸ್ವರವನ್ನು ಕುರಿತ ತೀರ್ಪೇ ಹೊರತು ಮಂತ್ರವನ್ನು ಕುರಿತದ್ದಲ್ಲ.

ಕೋಟದ ಬಳಿಯ ಒಬ್ಬ ತರುಣನನ್ನು ನಾನು ಬಲ್ಲೆ. ಚಿತ್ರಕಲೆ ಕಲಿತು, ಬೆಂಗಳೂರಿನಲ್ಲಿ ಕೆಲವು ಕಾಲ ಕೈಕೆಳಗಿನ ಕೆಲಸ ಮಾಡಿ, ಒಂದು ಖಾದ್ಯತೈಲದ ಪ್ರಚಾರಕ್ಕಾಗಿ ತನ್ನ ವೃತ್ತಿಯವರಿಂದ ಫಲಕವನ್ನು ಪಡೆದು ಊರಿಗೆ ಬಂದಿದ್ದ. ಚಾವಡಿಯ ಗಾಜಿನ ಕಪಾಟಿನಲ್ಲಿ, ಹೈಸ್ಕೂಲಿನ ಓಟದಲ್ಲಿ ಗೆದ್ದ ಲೋಟಗಳ ನಡುವೆ, ಅದಕ್ಕೆ ಸ್ಥಳ ಮಾಡಿದ್ದರು. ತಾಯಿ ಅದರ ಬುಡಕ್ಕೆ ಕುಂಕುಮವನ್ನೂ ಹಚ್ಚಿದ್ದರು. ಕುಂದಾಪುರದಲ್ಲಿ ಬಹುಕಾಲ ಜಿನಸಿನ ಅಂಗಡಿ ನಡೆಸಿದ ಅವನ ದೊಡ್ಡಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು, ತೂಕ ನೋಡಿ, ಸಂತೋಷಪಟ್ಟು, ಆಮೇಲೆ ಕೇಳಿದರು:

“ಅದ್ ಸರಿ ಮಗಾ. ಎಣ್ಣಿ ಹಾಳಿತ್ತ್ ಅಂದ್ರೆ ಜನ ಯಾರ್ ಹತ್ರ ಬಪ್ಪುದ್? ಅಂಗ್ಡಿಯವ್ನ್ ಹತ್ರವಾ, ನಿನ್ನ್ ಹತ್ರವಾ?”

“ನಮ್ ಹೆಸ್ರ್ ಯಾರಿಗೂ ಗೊತ್ತಿಲ್ಲೆ ದೊಡ್ಡಪ್ಪ,” ಎಂದ ಹುಡುಗ.

ಹಿರಿಯರು ಅದನ್ನು ಆಕ್ಷೇಪವಾಗಿ ಕೇಳಿದವರಲ್ಲ. ತಾವು ಹೊಗಳಿ ಮಾರಿದ ಬೆಲ್ಲ ಹುಳಿಯಾದರೆ ಮರುದಿನ ಅದೇ ಗಿರಾಕಿ ಅದೇ ಕಟ್ಟೆಯ ಮೇಲೆ ಬಂದು ನಿಲ್ಲುತ್ತಿದ್ದ ಅನುಭವದಿಂದ, ಈ ಕೆಲಸದ ವ್ಯವಸ್ಥೆ ಹೇಗಿರಬಹುದೆಂದು ತಿಳಿಯಬಯಸಿದರು. ಹುಡುಗ ಕೊಟ್ಟ ಉತ್ತರವೂ ಪ್ರಾಮಾಣಿಕವಾದದ್ದೇ. ಈ ವೃತ್ತಿಗೆ ಹೊರಗಿನ ಕಟ್ಟುಪಾಡೇ ಇಲ್ಲವೆಂದಲ್ಲ. 1985ರಲ್ಲಿ ಜಾಹೀರಾತುದಾರರು ತಾವೇ ಒಂದು ಮಾನಕಮಂಡಲಿಯನ್ನು ರಚಿಸಿಕೊಂಡರು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದಾರಿತಪ್ಪಿಸುವ ಜಾಹೀರಾತಿಗೆ, ತಯಾರಕರಿಗೂ ಅದರಲ್ಲಿ ಕಾಣಿಸಿಕೊಂಡ ಪ್ರಸಿದ್ಧರಿಗೂ, ಮೊದಲ ತಪ್ಪಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ಮಾಡಿತು. ಇವು ಅವಶ್ಯವಾದ ಏರ್ಪಾಡುಗಳು. ಆದರೂ ದಂಡದ ಭಯ ಬೇರೆ, ಎದುರು ನಿಂತ ಗಿರಾಕಿಗೆ ಉತ್ತರ ಕೊಡಬೇಕೆಂಬ ಅಂತಃಕರಣದ ಪ್ರವೃತ್ತಿ ಬೇರೆ. ಎರಡನೆಯದನ್ನು ಕಾಯಿದೆ ಹುಟ್ಟಿಸಲಾರದು.

ಶ್ಯಾಮ್ ಬೆನಗಲ್ಲರ ಜೀವನದಲ್ಲಿ ನನಗೆ ಪೂಜ್ಯವೆನಿಸುವುದು ಈ ಪ್ರವೃತ್ತಿ. ಜಾಹೀರಾತು ಚಿತ್ರಗಳನ್ನೂ ಪ್ರಾಯೋಜಿತ ಸಾಕ್ಷ್ಯಚಿತ್ರಗಳನ್ನೂ ಸೇರಿಸಿ ಅವರು ಮಾಡಿದ್ದು ಒಂಬೈನೂರಕ್ಕೂ ಮಿಗಿಲು. ಆ ಕಾಲವನ್ನೆಲ್ಲ ಅವರು ಕಾಲೇಜಿನ ದಿನಗಳಲ್ಲಿಯೇ ಮನಸ್ಸಿಗೆ ಬಂದಿದ್ದ ಒಂದು ಕಥೆಯನ್ನು ಎದೆಯಲ್ಲಿರಿಸಿಕೊಂಡು ಕಳೆದರು. ಅದಕ್ಕೆ ಹಣ ಹಾಕುವವರು ದೊರೆಯದೆ ವರ್ಷಗಳು ಸಂದುವು. ಕೊನೆಗೆ ಹಣ ಕೊಟ್ಟವರು ಚಿತ್ರಮಂದಿರಗಳಿಗೆ ಜಾಹೀರಾತು ಚಿತ್ರಗಳನ್ನು ಹಂಚುತ್ತಿದ್ದ ಬ್ಲೇಜ್ ಸಂಸ್ಥೆಯವರು. ಹಾಗೆ 1974ರಲ್ಲಿ ‘ಅಂಕುರ್’ ಹೊರಬಂದಿತು. ನಮ್ಮ ಕರಾವಳಿಯ ಅನಂತನಾಗ್ ಅದರಲ್ಲಿ ಜಮೀನ್ದಾರನ ಮಗನಾಗಿ ಅಭಿನಯಿಸಿದರು. ದ್ವಿತೀಯ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಸಂದಿತು. ಜಾಹೀರಾತಿನ ಹಣದಿಂದ, ಜಾಹೀರಾತಿನಲ್ಲಿ ಪಳಗಿದ ಕೈಯಿಂದ, ಯಾರಿಗೂ ಏನನ್ನೂ ಮಾರದ ಚಿತ್ರವೊಂದು ಹುಟ್ಟಿತು.

ಆದರೂ ನನ್ನ ವಾದಕ್ಕೆ ಹೆಚ್ಚು ಬೇಕಾದದ್ದು ಎರಡು ವರ್ಷಗಳ ತರುವಾಯದ ‘ಮಂಥನ್’. ಗುಜರಾತಿನ ಐದು ಲಕ್ಷ ಹೈನುಗಾರರು ತಲಾ 2 ರೂಪಾಯಿ ಹಾಕಿ, ಹತ್ತು ಲಕ್ಷ ರೂಪಾಯಿಗಳಲ್ಲಿ, ಅಲ್ಲಿಯ ಹಾಲಿನ ಸಹಕಾರಚಳವಳಿಯ ನೇತಾರರಾದ ವರ್ಗೀಸ್ ಕುರಿಯನ್ನರ ಪ್ರೇರಣೆಯಿಂದ ಆ ಚಿತ್ರವನ್ನು ಮಾಡಿಸಿದರು. ಸಹಕಾರಸಂಘವನ್ನು ಹೊಗಳುವುದಕ್ಕೆ ಹುಟ್ಟಿದ್ದರಿಂದ ಅದನ್ನೂ ಜಾಹೀರಾತೆನ್ನುವವರುಂಟು. ನಾನು ಅದನ್ನು ಅಲ್ಲಗಳೆಯಲಾರೆ. ಆದರೆ ಅಲ್ಲಿ ಸ್ತುತಿ ಯಾವ ವಿಧಿಗೆ ಅಂಗವಾಗಿದೆಯೆಂಬುದನ್ನು ನೋಡಿರಿ. ನಿಮ್ಮ ಹಾಲಿನ ಬೆಲೆಯನ್ನು ನೀವೇ ಗೊತ್ತುಮಾಡಿರಿ, ಮೇಲುಜಾತಿಯವನೂ ಕೆಳಜಾತಿಯವನೂ ಒಂದೇ ಸಾಲಿನಲ್ಲಿ ನಿಂತು ಹಾಲು ಅಳೆಯಿರಿ ಎಂಬುದು ಅದರ ವಿಧಿ. ಚಿತ್ರದ ಪ್ರತಿಗಳನ್ನು ಹಳ್ಳಿಹಳ್ಳಿಗೆ ಕೊಂಡೊಯ್ದು ತೋರಿಸಿದಾಗ ನೋಡಿದವರು ಸಂಘ ಕಟ್ಟಿಕೊಂಡರು. ಸಂಘದ ಸಾಲಿನಲ್ಲಿ ಒಡಕುಂಟು, ಸೋಲುಂಟು ಎಂಬುದನ್ನೂ ಚಿತ್ರ ಮುಚ್ಚಿಡಲಿಲ್ಲ. ಹೊಗಳಿಸಿಕೊಳ್ಳುವವರೇ ಹಣ ಕೊಟ್ಟಿದ್ದರೂ ತಮ್ಮ ದೋಷವನ್ನು ತೋರಿಸಗೊಟ್ಟರು. ಇಲ್ಲಿ ಯಜಮಾನನೂ ಪ್ರೇಕ್ಷಕನೂ ಫಲಭಾಗಿಯೂ ಒಬ್ಬನೇ ರೈತ. ಈ ಚಿತ್ರಕ್ಕೂ ರಾಷ್ಟ್ರಪ್ರಶಸ್ತಿ ಬಂದಿತು. 2024ರಲ್ಲಿ, ಬೆನಗಲ್ಲರು ತೀರಿಕೊಂಡ ವರ್ಷದ ಮೇ ತಿಂಗಳಲ್ಲಿ, ಜೀರ್ಣೋದ್ಧಾರಗೊಂಡ ಅದರ ಪ್ರತಿಯನ್ನು ಅದೇ ಕಾನ್ ಪಟ್ಟಣದ ಚಲನಚಿತ್ರೋತ್ಸವದಲ್ಲಿ ತೋರಿಸಿದರು.

ಪುರಸ್ಕಾರವನ್ನು ತ್ಯಜಿಸಿದ ನಿದರ್ಶನಗಳೂ ನಮ್ಮ ಸೀಮೆಯಲ್ಲಿವೆ. ಕೋಟದ ಶಿವರಾಮ ಕಾರಂತರು 1968ರಲ್ಲಿ ತಮಗೆ ಸಂದ ಪದ್ಮಭೂಷಣವನ್ನು ತುರ್ತುಪರಿಸ್ಥಿತಿಯ ಕಾಲದಲ್ಲಿ ಹಿಂದಿರುಗಿಸಿದರು. ಕೊಟ್ಟ ಕೈ ಧರ್ಮದಿಂದ ಜಾರಿದಾಗ ಕೊಟ್ಟ ವಸ್ತುವಿನ ಮಾನವೂ ಜಾರುವುದೆಂಬುದು ಅವರ ನಡೆಯ ಅರ್ಥ. ಗುರುದತ್ತರ 1957ರ ‘ಪ್ಯಾಸಾ’ದಲ್ಲಿ, ಸತ್ತನೆಂದು ಭಾವಿಸಿ ತನ್ನನ್ನು ಹಾಡಿಹೊಗಳುವ ಸಭೆಗೆ ಬಂದ ಕವಿ, ನೀವು ಕೊಂಡಾಡುವ ಆ ಕವಿ ನಾನಲ್ಲವೆಂದು ಸಾರುತ್ತಾನೆ. ಮಹೋನ್ನತವಾದ ದೃಶ್ಯವದು. ಆದರೂ ತ್ಯಾಗವನ್ನು ಎಲ್ಲ ತರುಣರಿಗೂ ವಿಧಿಸಲು ನನಗೆ ಮನಸ್ಸು ಬಾರದು. ಮನೆಗೆ ಸಾಲವಿದೆ, ತಾಯಿಗೆ ಆ ಫಲಕದಿಂದ ಸಂತೋಷವಿದೆ, ದುಡಿಮೆಯನ್ನು ಬಲ್ಲವರು ಮೆಚ್ಚಿದರೆಂಬ ತೃಪ್ತಿ ಮನುಷ್ಯನಿಗೆ ಅನ್ನದಷ್ಟೇ ಅವಶ್ಯ.

ಅವರಿಗೆ ನಾನು ತೋರಿಸಬಯಸುವ ಪುರಸ್ಕೃತನು ಬೃಹದಾರಣ್ಯಕದ ಯಾಜ್ಞವಲ್ಕ್ಯ. ವಿದೇಹದ ಜನಕನು ಬಹುದಕ್ಷಿಣೆಯ ಯಾಗದಲ್ಲಿ ಸಾವಿರ ಗೋವುಗಳನ್ನು ಕೂಡಿ, ಒಂದೊಂದರ ಕೊಂಬಿಗೂ ಚಿನ್ನ ಕಟ್ಟಿಸಿ, ನಿಮ್ಮಲ್ಲಿ ಬ್ರಹ್ಮಿಷ್ಠನಾದವನು ಇವನ್ನು ಹೊಡೆದುಕೊಂಡು ಹೋಗಲೆಂದನು. ಉಳಿದವರೆಲ್ಲ ಸಂಕೋಚದಿಂದ ಸುಮ್ಮನಿರಲು ಯಾಜ್ಞವಲ್ಕ್ಯನು ಶಿಷ್ಯನನ್ನು ಕರೆದು ಗೋವುಗಳನ್ನು ಮನೆಗೆ ಅಟ್ಟಿಸಿದನು. ತಾನು ಬ್ರಹ್ಮಿಷ್ಠನೆಂದು ಹೇಳಿಕೊಳ್ಳಲಿಲ್ಲ, ಬ್ರಹ್ಮಿಷ್ಠನಿಗೆ ನಮಸ್ಕಾರ, ನನಗೆ ಗೋವುಗಳು ಬೇಕು ಎಂದನು. ಬಹುಮಾನವನ್ನು ಬೇಡವೆನ್ನುವ ಸೋಗು ಅವನಲ್ಲಿಲ್ಲ. ಸಭೆಯ ನಿಜವಾದ ಕಾರ್ಯ ಆ ಕ್ಷಣದಿಂದಲೇ ಮೊದಲಾಯಿತು. ಹೋತೃವಾದ ಅಶ್ವಲನು ಎದ್ದನು, ಆರ್ತಭಾಗನು ಎದ್ದನು, ಉಷಸ್ತನೂ ಕಹೋಲನೂ ಎದ್ದರು; ವಾಚಕ್ನವಿಯಾದ ಗಾರ್ಗಿ ಒಮ್ಮೆ ಕೇಳಿ ಕುಳಿತವಳು, ಎರಡು ಬಾಣಗಳಂಥ ಎರಡು ಪ್ರಶ್ನೆಗಳನ್ನು ಹಿಡಿದು ಮತ್ತೊಮ್ಮೆ ಎದ್ದಳು. ಗೋವುಗಳು ಮನೆಗೆ ಸೇರಿದ್ದುವು, ಅವನು ಸಭೆಯನ್ನು ಬಿಟ್ಟು ಏಳುವಂತಿರಲಿಲ್ಲ. ನಮ್ಮ ಕಾಲದ ಪುರಸ್ಕಾರಸಭೆಗಳು ಕರತಾಡನದೊಡನೆ ಮುಗಿದುಹೋಗುತ್ತವೆ. ಜನಕನ ಸಭೆ ಬಹುಮಾನದೊಡನೆ ಆರಂಭವಾಯಿತು.

ಜಾಹೀರಾತಿನವರ ಮುಂದಿನ ಸಮಾರಂಭದಲ್ಲಿ ಈ ಕ್ರಮವನ್ನು ತರಬಾರದೇಕೆ? ಖಾದ್ಯತೈಲದ ಮಾತಿಗೆ ಪದಕ ಕೊಡುವುದಾದರೆ, ಆ ಮಾತನ್ನು ನಂಬಿ ವರ್ಷವಿಡೀ ಅದೇ ಎಣ್ಣೆಯಲ್ಲಿ ಒಗ್ಗರಣೆ ಹಾಕಿದ ಕೋಟೇಶ್ವರದ ಗೃಹಿಣಿಯೊಬ್ಬಳನ್ನು, ಅದನ್ನು ಮಾರಿದ ಸಾಲಿಗ್ರಾಮದ ಅಂಗಡಿಯವನನ್ನು, ಎಣ್ಣೆಯ ಗುಣದೋಷವನ್ನು ಬಲ್ಲ ಒಬ್ಬ ವೈದ್ಯನನ್ನು ಮುಂದಿನ ಸಾಲಿನಲ್ಲಿ ಕುಳ್ಳಿರಿಸಲಿ. ಫಲಕವನ್ನು ತರುಣನ ಕೈಗಿತ್ತ ಮೇಲೆ ದೀಪವನ್ನು ಆರಿಸದೆ, ಅವನನ್ನು ಅಲ್ಲಿಯೇ ನಿಲ್ಲಿಸಿ, ಮೊದಲ ಪ್ರಶ್ನೆ ಕೇಳುವ ಹಕ್ಕನ್ನು ಆ ಗೃಹಿಣಿಗೆ ಕೊಡಲಿ.